ನಾಲೆಯಾಚೆ ನಿಂತ ಬಿಂದು

ಮೊನ್ನೆ ಹಳೆಯ ಸ್ನೇಹಿತನೊಬ್ಬನನ್ನು ಮನೆಗೆ ಊಟಕ್ಕೆ ಕರೆದೆ. ಏನು ವಿಶೇಷ, ಮುದ್ದೆಯೋ ಅನ್ನವೋ, ಬೇರೆ ಯಾರು ಬರುತ್ತಾರೆ ಎಂದು ಏನನ್ನೂ ಕೇಳದೆ ಅವನು ಆಡಿದ್ದು ಒಂದೇ ಮಾತು: ‘ಲೊಕೇಶನ್ ಕಳ್ಸು.’ ಮಂಡ್ಯದಲ್ಲೇ ಹುಟ್ಟಿ, ಮಂಡ್ಯದಲ್ಲೇ ಬೆಳೆದು, ಈ ಊರಿನ ಗಲ್ಲಿಗಲ್ಲಿಯಲ್ಲೂ ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡ ಮಹಾನುಭಾವ ಅವನು. ದಾರಿ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಫೋನು ಇಟ್ಟಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಸಿಟ್ಟೇ ಎಂದು ನೀವು ಕೇಳಬಹುದು. ಕೇಳಿ, ಹೇಳುವುದಕ್ಕೇ ಕೂತಿದ್ದೇನೆ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಪ್ರೋಗ್ರಾಮು ಬರೆಯುವುದನ್ನು ಕಲಿಸುವ ನಮ್ಮ ಪಂಥದವರಿಗೆ ಒಂದು ಮಂಗಳಾಚರಣೆಯಿದೆ. ಶುರುವಿನಲ್ಲೇ ವಿದ್ಯಾರ್ಥಿಗಳ ಕೈಯಿಂದ ‘ಬಿಂದು’ ಎಂಬ ವಸ್ತುವನ್ನು ಕಟ್ಟಿಸುವುದು. ವಸ್ತುವೆಂದರೆ ಬೇರೇನಲ್ಲ, ಒಂದು ಡಬ್ಬಿ. ಅದರೊಳಗೆ ಎರಡೇ ಎರಡು ಸಂಖ್ಯೆ, ಒಂದು ಅಕ್ಷಾಂಶ, ಇನ್ನೊಂದು ರೇಖಾಂಶ. ಡಬ್ಬಿಗೊಂದು ಹೆಸರು ಅಂಟಿಸಿದರೆ ಊರು ಸಿದ್ಧ. ಕೆರಗೋಡು ಒಂದು ಡಬ್ಬಿ, ಸೋಮನಹಳ್ಳಿ ಒಂದು ಡಬ್ಬಿ. ಮದ್ದೂರು ಅಷ್ಟು ದೊಡ್ಡ ಪೇಟೆ, ಅದೂ ಒಂದು ಡಬ್ಬಿಯೇ; ಅದರ ಬಿಂದು ಯಾರ ಮನೆಯ ತಾರಸಿಯ ಮೇಲೆ, ಯಾವ ನೀರಿನ ತೊಟ್ಟಿಯ ಪಕ್ಕ ಬಿದ್ದಿದೆಯೋ ಆ ಮನೆಯವರಿಗೂ ಗೊತ್ತಿರಲಿಕ್ಕಿಲ್ಲ. ಶಿವನಸಮುದ್ರದ್ದಂತೂ ಪರಮ ಅನ್ಯಾಯ. ಬಂಡೆಯ ಮೇಲೆ ಧುಮುಕಲು ನಿಂತ ಕಾವೇರಿಗೂ, ಧುಮುಕಿ ಕೆಳಗೆ ನೊರೆಯಾದ ಕಾವೇರಿಗೂ ಹೆಚ್ಚುಕಡಿಮೆ ಅದೇ ಬಿಂದು, ಏಕೆಂದರೆ ನಮ್ಮ ಡಬ್ಬಿಯಲ್ಲಿ ಎತ್ತರಕ್ಕೆ ಜಾಗವಿಲ್ಲ. ಮಧ್ಯದ ಆ ಮಹಾಪತನವೇ ನಾಪತ್ತೆ, ಅಲ್ಲಿನ ಅಷ್ಟೂ ಕರೆಂಟು ಹುಟ್ಟಿದ್ದು ಆ ಪತನದಿಂದಲೇ ಆದರೂ!

ಇದನ್ನೆಲ್ಲ ಪಾಠದ ನಡುವೆ ತಮಾಷೆಯಾಗಿ ಹೇಳಿ, ವಿದ್ಯಾರ್ಥಿಗಳು ನಕ್ಕರೆ ನನ್ನ ವಾಗ್ವೈಭವಕ್ಕೆ ನಾನೇ ತಲೆದೂಗಿ ಮನೆಗೆ ಬರುತ್ತಿದ್ದೆ. ಆ ಡಬ್ಬಿಯೊಳಗೆ ಒಂದು ದಿನ ನಮ್ಮಕ್ಕನನ್ನು ಹಾಕಿ ಮುಚ್ಚಳ ಬಡಿದರು ನೋಡಿ, ಅವತ್ತಿಗೆ ನನ್ನ ತಮಾಷೆ ಮುಗಿಯಿತು.

ನಮ್ಮಕ್ಕ ಪುಟ್ಟತಾಯಮ್ಮ ಇರುವುದು ಮಳವಳ್ಳಿ ತಾಲ್ಲೂಕಿನ ಒಂದು ಪುಟ್ಟ ಊರಿನಲ್ಲಿ. ಊರು ನಾಲೆಯ ಆ ದಡದಲ್ಲಿ, ಅಕ್ಕನ ಮನೆ ಮಾತ್ರ ಈ ದಡದ ಗದ್ದೆಗಳ ನಡುವೆ. ನಾಲೆಗೆ ಅಡ್ಡವಾಗಿ ಎರಡು ತೆಂಗಿನ ಮರ ಕೆಡವಿದ್ದಾರೆ. ನಡೆದು ಹೋಗುವವರಿಗೆ ಅದೇ ಸೇತುವೆ. ಗಾಡಿ ಬರಬೇಕಾದರೆ ಊರಿನೊಳಕ್ಕೇ ಹೋಗದೆ, ಮೊದಲೇ ನಾಲೆಗೆ ಕಟ್ಟಿದ ಮೋರಿಯ ಮೇಲೆ ತಿರುಗಿಕೊಂಡು ಏರಿಯ ಮೇಲಿನ ಬಂಡಿದಾರಿ ಹಿಡಿಯಬೇಕು. ಅಕ್ಕನಿಗೆ ಎರಡೂ ಕಿಡ್ನಿ ಕೆಟ್ಟಿವೆ. ವಾರವಾರವೂ ಮಳವಳ್ಳಿಗೆ ಹೋಗಿ ಡಯಾಲಿಸಿಸ್ಸು ಮಾಡಿಸಿಕೊಳ್ಳಬೇಕು. ತಪ್ಪಿಸಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ, ಮುಂದಿನದನ್ನು ನಾನು ಬರೆಯಲಾರೆ. ಇಂಥವರನ್ನು ಮನೆ ಬಾಗಿಲಿನಿಂದ ಕರೆದೊಯ್ದು ಮನೆ ಬಾಗಿಲಿಗೇ ಬಿಡುವ ವ್ಯಾನೊಂದನ್ನು ಯಾವುದೋ ಸಂಸ್ಥೆಯವರು ಶುರುಮಾಡಿದಾಗ ನಾನು ಕೈಮುಗಿದಿದ್ದೆ. ಸುಳ್ಳು ಹೇಳುವುದಿಲ್ಲ, ಒಳ್ಳೆಯ ಕೆಲಸವೇ.

ಆದರೆ ಮನೆ ಬಾಗಿಲು ಎಲ್ಲಿದೆ ಎಂದು ಆ ವ್ಯಾನಿಗೆ ಹೇಳಿದ್ದು ಹೇಗೆ ಅಂತೀರಿ? ಯಾವ ಮನೆಗೆ ಯಾವಾಗ ವ್ಯಾನು ಬೇಕಾದೀತೋ ಎಂದು ಊರಿನ ಎಲ್ಲ ವಿಳಾಸ ಗುರುತು ಹಾಕಿಕೊಳ್ಳಲು ಬಂದವರು ಜಾಣರು. ಒಂದೊಂದು ಮನೆಗೂ ಅಲೆಯುವ ಬದಲು ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿಯ ಮುಂದೆ ಬಂದು ನಿಂತರು. ನಮ್ಮ ಸೀಮೆಯಲ್ಲಿ ಆ ಹೊತ್ತಿಗೆ ಊರಿಗೆ ಊರೇ ಕ್ಯಾನು ಹಿಡಿದು ಅಲ್ಲಿರುತ್ತದೆ. ಒಬ್ಬೊಬ್ಬರ ಹೆಸರು ಕೂಗುವುದು, ಅಲ್ಲಿಯೇ ಮೊಬೈಲು ಒತ್ತುವುದು. ಬಿಸಿಲೇರುವ ಮುಂಚೆ ಕೆಲಸ ಮುಗಿಯಿತು. ಊರಿನ ಅಷ್ಟೂ ಮನೆಗಳು ಭೂಪಟದಲ್ಲಿ ಡೇರಿಯ ಒಂದೇ ಮೆಟ್ಟಿಲ ಮೇಲೆ ಒಂದರ ಮೇಲೊಂದು ಕುಳಿತವು. ನಮ್ಮವರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಯಾರನ್ನಾದರೂ ಹುಡುಕಬೇಕಾದರೆ ಡೇರಿಗೆ ಹೋದರೆ ಸಿಕ್ಕೇ ಸಿಗುತ್ತಾರಲ್ಲ!

ಹೀಗಾಗಿ ವ್ಯಾನು ನಾಲೆಯ ಆ ದಡದ ಡೇರಿಗೆ ಬಂದು ನಿಲ್ಲತೊಡಗಿತು. ಹೋಗುವಾಗ ಅಕ್ಕ ಹೇಗೋ ತೆಂಗಿನ ಮರ ದಾಟಿ ಬರುತ್ತಿದ್ದಳು. ಡಯಾಲಿಸಿಸ್ಸು ಮುಗಿಸಿ ಬರುವಾಗ ದೇಹದಲ್ಲಿ ಒಂದು ಹಿಡಿ ಶಕ್ತಿಯೂ ಇರುತ್ತಿರಲಿಲ್ಲ; ಕೆಳಗೆ ನೀರು, ಮೇಲೆ ತಲೆಸುತ್ತು. ವಿಷಯ ತಿಳಿದವನೇ ನಾನು ಅವರ ಆಫೀಸಿಗೆ ಫೋನು ಮಾಡಿದೆ. ‘ಸಿಸ್ಟಮಲ್ಲಿ ಪಾಯಿಂಟು ಅಲ್ಲೇ ತೋರಿಸ್ತಿದೆ ಸಾರ್’ ಎಂಬ ಉತ್ತರ, ಅದೂ ಮಧುರ ಕಂಠದಲ್ಲಿ. ಅಮ್ಮಾ, ತೋರಿಸುವುದು ತಪ್ಪು ಎಂದೇ ನಾನು ಫೋನು ಮಾಡಿರುವುದು! ಕೊನೆಗೆ ಅಕ್ಕನ ಅಂಗಳದಲ್ಲೇ ನಿಂತು ಎರಡೂ ಸಂಖ್ಯೆ ತೆಗೆದು ಕಳಿಸಿದೆ. ಮುಂದಿನ ಸಲ ವ್ಯಾನು ಎಲ್ಲಿಗೂ ಬರಲಿಲ್ಲ. ಕೇಳಿದರೆ, ನಿಮ್ಮ ಮನೆ ನಮ್ಮ ಸೇವಾ ವ್ಯಾಪ್ತಿಯೊಳಗೆ ಇಲ್ಲವಂತೆ. ಆಮೇಲೆ ತಿಳಿಯಿತು, ಯಾರೋ ಪುಣ್ಯಾತ್ಮರು ಮೊದಲನೆಯ ಸಂಖ್ಯೆಯನ್ನು ಎರಡನೆಯದರ ಜಾಗಕ್ಕೂ, ಎರಡನೆಯದನ್ನು ಮೊದಲನೆಯದರ ಜಾಗಕ್ಕೂ ಹಾಕಿದ್ದರು. ಡಬ್ಬಿ ತುಟಿಪಿಟಕ್ಕೆನ್ನದೆ ನುಂಗಿಕೊಂಡಿತು. ಮಳವಳ್ಳಿಯ ಭತ್ತದ ಗದ್ದೆಯಿಂದೆದ್ದ ನಮ್ಮಕ್ಕನ ಮನೆ ಉತ್ತರ ಧ್ರುವದ ಕಡೆಯ ಹಿಮಸಾಗರದಲ್ಲಿ, ಹಿಮಕರಡಿಗಳ ನೆರೆಯಲ್ಲಿ ತೇಲುತ್ತಿತ್ತು. ನೀವು ನಗುತ್ತಿದ್ದೀರಿ. ನನಗೆ ನಗು ಬರಲಿಲ್ಲ, ಆ ವಾರ ಅಕ್ಕನ ಮುಖ ಊದಿತ್ತು.

ಅದನ್ನೂ ತಿದ್ದಿಸಿದೆ. ಈಗ ಬಿಂದು ಅಕ್ಕನ ಹಟ್ಟಿಯ ನಡುಮಧ್ಯಕ್ಕೆ, ಹಸು ಕಟ್ಟುವ ಗೂಟದ ಹತ್ತಿರಕ್ಕೆ ಬಂದು ಕೂತಿತು. ಇನ್ನೇನು ಬೇಕು? ವ್ಯಾನು ಬಂತು. ಎಲ್ಲಿಗೆ? ನಾಲೆಯ ಆ ದಡಕ್ಕೆ, ಸರಿಯಾಗಿ ಅಕ್ಕನ ಮನೆಯ ಎದುರಿಗೆ! ಬಿಂದುವಿಗೆ ಅತಿ ಸಮೀಪದ ರಸ್ತೆ ಯಾವುದೆಂದು ಯಂತ್ರ ಗೆರೆ ಎಳೆದು ನೋಡಿದರೆ ಆ ದಡದ ಡಾಂಬರು ರಸ್ತೆಯೇ ಹತ್ತಿರ. ನಡುವೆ ನೀರು ಹರಿಯುತ್ತದೆಂಬುದು ಗೆರೆಗೇನು ಗೊತ್ತು? ಡ್ರೈವರು ಬೇರೆ ತಾಲ್ಲೂಕಿನಿಂದ ಹೊಸದಾಗಿ ಬಂದವನು. ‘ಬನ್ನಿ ಅವ್ವಾ, ಟೈಮಾಯ್ತದೆ’ ಎಂದು ಆ ದಡದಿಂದ ಅವನ ಕೂಗು. ‘ನೀನೇ ಬಾರಪ್ಪ, ನಂಗೇನು ರೆಕ್ಕೆ ಇದ್ದಾವಾ’ ಎಂದು ಈ ದಡದಿಂದ ಅಕ್ಕನ ಕೂಗು. ಅವನು ಆ ಸ್ಥಳ ಬಿಟ್ಟು ಕದಲುವ ಹಾಗಿಲ್ಲ. ಕದಲಿದರೆ ಆಫೀಸಿನಲ್ಲಿ ಕೆಂಪು ದೀಪ ಹತ್ತುತ್ತದಂತೆ.

ಅವತ್ತೂ ಅಕ್ಕ ಮರ ದಾಟಿಯೇ ಹೋದಳು. ಬರುವಾಗ ನಡುನಾಲೆಯ ಮೇಲೆ ಕಣ್ಣು ಕತ್ತಲಿಟ್ಟು, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ, ಎರಡೂ ಕೈಯಲ್ಲಿ ಮರವನ್ನು ತಬ್ಬಿಕೊಂಡು ಕೂತುಬಿಟ್ಟಳು. ಹುಲ್ಲು ಹೊತ್ತು ಬರುತ್ತಿದ್ದ ಪಕ್ಕದ ಮನೆಯ ಜಯಮ್ಮ ನೋಡಿ, ಹೊರೆ ಎಸೆದು ಓಡಿಬಂದು ಎಳೆದುಕೊಂಡಿದ್ದರಿಂದ ಉಳಿದಳು. ಮಾರನೆಯ ದಿನ ನಾನು ಹೋದಾಗ ನನ್ನ ಮುಖ ನೋಡದೆ ಹೇಳಿದಳು: ‘ನಾನು ಇನ್ನು ಓಗಕಿಲ್ಲ ಕಣ್ಲಾ. ಸತ್ರೆ ಮನೇಲೇ ಸಾಯ್ತೀನಿ, ನಾಲೇಲಿ ಬ್ಯಾಡ.’

ಅವಳನ್ನು ಬೈದು, ಗದರಿಸಿ, ಹಸುವನ್ನು ಜಯಮ್ಮನಿಗೆ ಒಪ್ಪಿಸಿ ಮಂಡ್ಯಕ್ಕೆ ಕರೆತಂದೆ. ಇಲ್ಲಿ ಆಸ್ಪತ್ರೆ ಹತ್ತಿರ, ಆಟೋ ಬಾಗಿಲಿಗೇ ಬರುತ್ತದೆ. ಆದರೆ ಅಕ್ಕ ನನ್ನ ಮನೆಯಲ್ಲಿ ಬಸ್ಸಿಗೆ ಕಾಯುವವಳ ಹಾಗೆ ಕೂರುತ್ತಿದ್ದಳು, ಬಟ್ಟೆಯ ಚೀಲವನ್ನು ಬಿಚ್ಚಲೇ ಇಲ್ಲ. ಬೆಳಗಾದರೆ, ‘ಅಸಾ ಕರೀತೋ ಏನೋ’ ಎಂದು ಹಸುವಿನದೇ ಜಪ. ಆ ಚೀಲ ನೋಡಿದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ರೋಗ ಅವಳನ್ನು ಮನೆ ಬಿಡಿಸಿದ್ದರೆ ವಿಧಿಯನ್ನು ಬೈಯಬಹುದಿತ್ತು. ಅವಳನ್ನು ಮನೆ ಬಿಡಿಸಿದ್ದು ಎರಡು ಸಂಖ್ಯೆಯ ಒಂದು ದರಿದ್ರ ಡಬ್ಬಿ.

ಹೋದೆ, ಅವರ ಆಫೀಸಿಗೇ ಹೋದೆ. ಅಲ್ಲಿದ್ದ ಎಂಜಿನಿಯರು ಸೌಜನ್ಯದ ಮನುಷ್ಯ. ನೀರು ಕೊಟ್ಟು ಕೂರಿಸಿ, ಬಿಂದುವೆಂದರೆ ಅಕ್ಷಾಂಶ ಮತ್ತು ರೇಖಾಂಶ ಎಂದು ನನಗೆ ಪಾಠ ಶುರುಮಾಡಿದರು. ನನ್ನ ಪಾಠವನ್ನು ನನಗೇ ಹೇಳುತ್ತಿದ್ದಾರೆ! ಕೇಳುವ ಬೆಂಚಿನಲ್ಲಿ ಕೂತಾಗಲೇ ಅದು ಎಷ್ಟು ಅಸಂಬದ್ಧವೆಂದು ನನಗೆ ಹೊಳೆದದ್ದು. ಮೇಜು ಗುದ್ದಿದೆ. ‘ರೀ ಸ್ವಾಮಿ, ಮನೆ ಎಲ್ಲಿದೆ ಅಂತ ಮಾತ್ರ ಬರ್ಕೊಂಡಿದ್ದೀರಿ. ಹೆಂಗೆ ಬರಬೇಕು ಅಂತ ಎಲ್ಲಿ ಬರ್ಕೊಂಡಿದ್ದೀರಿ?’ ಎಂದು ಕೂಗಿದೆ. ಇಡೀ ಆಫೀಸು ತಿರುಗಿ ನೋಡಿತು. ಆ ಡಬ್ಬಿಯಲ್ಲಿ ಅದಕ್ಕೆ ಜಾಗವಿಲ್ಲ ಎಂದರು. ಜಾಗ ಮಾಡಿ ಎಂದೆ. ಮೋರಿಯದೊಂದು ಬಿಂದು, ಮನೆಯದೊಂದು ಬಿಂದು. ಮೊದಲು ಅಲ್ಲಿಗೆ ಬಂದು ಆಮೇಲೆ ಇಲ್ಲಿಗೆ ಬರಬೇಕೆಂದು ಎರಡನ್ನೂ ಸೇರಿಸಿ ಬರೆಯುವುದು ಬ್ರಹ್ಮವಿದ್ಯೆಯೇನಲ್ಲ. ನೋಡೋಣ ಎಂದರು. ಈ ‘ನೋಡೋಣ’ವನ್ನು ನಾನು ಬಲ್ಲೆ, ಆದ್ದರಿಂದ ಬಿಡುವಾದಾಗಲೆಲ್ಲ ಹೋಗಿ ಅವರೆದುರು ಕೂತೆ. ನನ್ನ ಮುಖ ನೋಡಿ ನೋಡಿ ಬೇಸತ್ತು ಮಾಡಿದರೋ, ಮನಸ್ಸು ಕರಗಿ ಮಾಡಿದರೋ, ಅಂತೂ ಮಾಡಿದರು.

ಹಾಗೆಂದು ನನಗೆ ತಿಳಿದದ್ದು ಅದೇ ಡ್ರೈವರನಿಂದ. ನಾವು ತಿಂಡಿ ತಿನ್ನುತ್ತಿದ್ದೆವು, ಅಕ್ಕನ ಫೋನು ಬಡಿದುಕೊಂಡಿತು. ಸ್ಪೀಕರು ಒತ್ತಿದೆ. ‘ಅವ್ವಾ, ಇವತ್ತು ಮೋರಿ ಮೇಲಿಂದ ತಿರುಗ್ಸು ಅಂತ ತೋರಿಸ್ತು ಕಣವ್ವಾ, ನಿಮ್ ಬಾಗ್ಲಲ್ಲೇ ನಿಂತಿವ್ನಿ. ಬೀಗ ಆಕದಲ್ಲಾ, ಎಲ್ಲಿದ್ದೀರಾ?’ ಅವನ ಮಾತಿನ ಹಿಂದಿನಿಂದ, ದೂರದಲ್ಲಿ, ‘ಅಂಬಾ’ ಎಂದು ಒಂದು ಕೂಗು ಕೇಳಿತು.

ಅಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ‘ನಮ್ ಗೌರಿ ಕಣ್ಲಾ ಅದು’ ಎಂದಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಬಿಚ್ಚದೆ ಇಟ್ಟಿದ್ದ ಚೀಲ ಎತ್ತಿಕೊಂಡು ಬಾಗಿಲಿಗೆ ಹೋಗಿ ನಿಂತು ನನ್ನನ್ನು ಗದರಿದಳು: ‘ಬಾಗ್ಲುಗೆ ಬತ್ತದಂತಲ್ಲಾ ಈಗ! ಮತ್ತೆ ನನ್ನ ಇಲ್ಯಾಕ್ಲಾ ಕೂರುಸ್ಕೊಂಡಿದ್ದೀಯೆ? ನಡಿ, ಬುಟ್ಟು ಬಾ.’ ಉಳಿದ ದೋಸೆ ತಿನ್ನಲೂ ನನ್ನನ್ನು ಬಿಡಲಿಲ್ಲ. ಕಾರು ಮೋರಿಯ ಹತ್ತಿರ ತಿರುಗಿ ಏರಿಯ ಮೇಲೆ ಕುಲುಕಾಡತೊಡಗಿದಾಗ ಚೀಲವನ್ನು ಎದೆಗೊತ್ತಿಕೊಂಡು, ‘ಇದೇ ದಾರಿ’ ಎಂದಳು.

ಸ್ನೇಹಿತನ ವಿಷಯಕ್ಕೆ ಬರುತ್ತೇನೆ. ಅವನಿಗೆ ನಾನು ಲೊಕೇಶನ್ನು ಕಳಿಸಲಿಲ್ಲ. ಮತ್ತೆ ಫೋನು ಮಾಡಿ, ಪೇಟೆಬೀದಿ ದಾಟಿ, ಹಿಟ್ಟಿನ ಗಿರಣಿಯ ಪಕ್ಕದ ಓಣಿಯಲ್ಲಿ ತಿರುಗಿ, ನಾಯಿ ಬೊಗಳಿದರೆ ಹೆದರದೆ ಮುಂದೆ ಬಾ ಎಂದು ದಾರಿಯನ್ನು ಪೂರ್ತಿ ಹೇಳಿದೆ. ‘ಅಷ್ಟೆಲ್ಲ ಯಾಕ್ಲಾ, ಪಾಯಿಂಟು ಕಳ್ಸಿದ್ರೆ ಆಯ್ತಿತ್ತು’ ಎಂದ. ‘ಮುಚ್ಕೊಂಡು ಕೇಳ್ಕೊಳ್ಲಾ’ ಎಂದು ಗದರಿ, ಗಿರಣಿಯಿಂದ ಮತ್ತೆ ಶುರುಮಾಡಿದೆ.