ತವರು ಕೇಳದ ರಿಜಿಸ್ಟರು

೧೯೭೪ರಲ್ಲಿ ನಾನು ರಾಜಾಜಿನಗರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹೆಲ್ತ್ ವಿಸಿಟರ್ ಆಗಿದ್ದೆ. ಗರ್ಭಿಣಿಯರ ಹೆಸರು ಬರೆದುಕೊಳ್ಳುವುದು, ಬಿ.ಪಿ. ನೋಡುವುದು, ತಪಾಸಣೆಗೆ ಬಾರದವರ ಮನೆಗೇ ಹೋಗಿ ಗದರುವುದು ನನ್ನ ಕೆಲಸ. ಬಾಯಿ ಜೋರೆಂದು ಹೆಸರಾಗಿದ್ದೆ. ಅದಕ್ಕೆ ನನಗೇನೂ ಬೇಸರವಿರಲಿಲ್ಲ.

ಒಂದು ಮಂಗಳವಾರ ಜಯಮ್ಮ ಬಂದಳು. ಚೊಚ್ಚಲು, ಎಂಟನೇ ತಿಂಗಳು. ಬಿ.ಪಿ. ೧೫೦/೧೦೦. ಕಾಲು ಊದಿ ಕಾಲುಂಗುರ ಬಿಗಿದಿತ್ತು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿತ್ತು. ಹೀಗೆ ಬಿಟ್ಟರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರೂ ಕೈತಪ್ಪಬಹುದು. ಡಾಕ್ಟರು ದಾಖಲಾಗು ಎಂದರು. ಅತ್ತೆಯನ್ನು ಕೇಳಿ ನಾಳೆ ಬರುತ್ತೇನೆಂದು ಹೋದಳು. ನಾನು ಅವಳ ತಪಾಸಣೆ ಕಾರ್ಡಿನ ಮೇಲೆ ಅಪಾಯದ ಗುರುತಾಗಿ ಕೆಂಪು ಗೆರೆ ಎಳೆದು ಕೊಟ್ಟಿದ್ದೆ.

ಬುಧವಾರ ಬರಲಿಲ್ಲ. ಗುರುವಾರ ಮನೆಗೆ ಹೋದರೆ ಬೀಗ. ಸೀಮಂತಕ್ಕೆಂದು ಎಲ್ಲರೂ ಅವಳ ತವರಿಗೆ ಹೋಗಿದ್ದಾರೆ, ಯಾವ ಊರೋ ಗೊತ್ತಿಲ್ಲ ಎಂದರು ಪಕ್ಕದ ಮನೆಯವರು. ನಮ್ಮ ರಿಜಿಸ್ಟರಿನಲ್ಲಿದ್ದುದು ಗಂಡನ ಮನೆಯ ವಿಳಾಸ ಮಾತ್ರ. ನಾನೂ ಚೊಚ್ಚಲಿಗೆ ತವರಿಗೆ ಹೋದವಳೇ. ಆದರೂ ತವರು ಎಲ್ಲಿ ಎಂದು ಒಬ್ಬಳನ್ನೂ ಕೇಳಿರಲಿಲ್ಲ. ಎರಡು ದಿನ ಅನ್ನ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಮತ್ತೆ ಹೋದರೆ ಜಯಮ್ಮನ ಅತ್ತೆ ಗಂಗಮ್ಮ ಹಿಂತಿರುಗಿದ್ದರು. ಸೊಸೆಯನ್ನು ಕೆಂಗೇರಿಯಾಚೆಯ ತವರಿನಲ್ಲೇ ಬಿಟ್ಟು ಬಂದಿದ್ದರು. ಕಾರ್ಡು ದೇವರ ಗೂಡಿನಲ್ಲಿತ್ತು, ಕುಂಕುಮ ಹಚ್ಚಿಸಿಕೊಂಡು.

“ಕೆಂಪು ಗೆರೆ ನೋಡಿದ್ರೆ ಬೀಗರು ನಾವು ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ಆಡ್ಕೊಳ್ಳಲ್ವೇನಮ್ಮಾ?” ಎಂದರು.

“ಆಡ್ಕೊಳ್ಳೋಕೆ ಹುಡುಗಿ ಉಳೀಬೇಕಲ್ಲ? ಚಪ್ಪಲಿ ಮೆಟ್ಕೊಳ್ಳಿ.”

ಬೀಗರ ಮನೆಗೆ ಬರಿಗೈಲಿ ಹೋಗುವುದು ಹೇಗೆ, ಹೂವು ಹಣ್ಣಾದರೂ ಬೇಡವೇ ಎಂದು ತಡೆದರು. ನಾನು ರಟ್ಟೆ ಹಿಡಿದೇ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಅವರು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಜಯಮ್ಮ ಒದ್ದೆ ಬಟ್ಟೆ ಹಣೆಗಿಟ್ಟುಕೊಂಡು ಮಲಗಿದ್ದಳು. ಬೆಳಗಿನಿಂದ ತಲೆಸಿಡಿತ, ಕಣ್ಣು ಮಂಜು. ಸೀಮಂತದ ದೃಷ್ಟಿ ತಾಗಿದೆಯೆಂದು ಅವಳ ತಾಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದರು. ಬಿ.ಪಿ. ೧೮೦/೧೨೦. ಎದುರು ಮನೆಯವರ ತರಕಾರಿ ವ್ಯಾನಿನಲ್ಲಿ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೊರಟೆವು. ಬಾಪೂಜಿನಗರದ ಹತ್ತಿರ ಫಿಟ್ಸ್ ಬಂತು. ಅವಳನ್ನು ಪಕ್ಕಕ್ಕೆ ಹೊರಳಿಸಿ ಉಸಿರು ಕಟ್ಟದಂತೆ ನೋಡಿಕೊಂಡೆ. ಬೀಗಿತ್ತಿಯರಿಬ್ಬರೂ ಅವಳನ್ನು ಗಟ್ಟಿಯಾಗಿ ಹಿಡಿದು ಕುಳಿತರು. ಯಾರೂ ಯಾರನ್ನೂ ಆಡಿಕೊಳ್ಳಲಿಲ್ಲ.

ಆಪರೇಷನ್ ಆಯಿತು. ಹೆಣ್ಣು ಮಗು, ಅಂಗೈಯಷ್ಟು. ಜಯಮ್ಮನಿಗೆ ಪ್ರಜ್ಞೆ ಬಂದದ್ದು ಸೋಮವಾರ. ಇಬ್ಬರೂ ಉಳಿದರು.

ಮರುದಿನವೇ ರಿಜಿಸ್ಟರಿನಲ್ಲಿ ಇನ್ನೊಂದು ಗೆರೆ ಎಳೆದು ‘ತವರಿನ ವಿಳಾಸ’ ಎಂದು ಬರೆದೆ. ಊರವರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನು, ನನಗೆ ಗೊತ್ತಿದ್ದುದನ್ನೇ ಕೇಳದೆ ಬಿಟ್ಟಿದ್ದೆ. ಗದರುವುದಕ್ಕಿಂತ ಕೇಳುವುದು ದೊಡ್ಡ ಕೆಲಸ ಎಂದು ತಿಳಿದದ್ದು ಆಗ.

ಎರಡು ವರ್ಷದ ಮೇಲೆ ಗಂಗಮ್ಮ ಕಿರಿಯ ಸೊಸೆಯನ್ನು ಕರೆತಂದರು. ನಾನು ಪೆನ್ನು ತೆರೆಯುವ ಮೊದಲೇ ಹೇಳಿದರು: “ಇವಳ ತವರು ನೆಲಮಂಗಲ, ಬಸ್ ಸ್ಟ್ಯಾಂಡ್ ಹಿಂದಿನ ಬೀದಿ. ಮೊದ್ಲು ಅದನ್ನ ಬರ್ಕೊಳ್ಳಿ. ಹೆಸರು ಆಮೇಲೆ ಹೇಳ್ತೀನಿ.”