ಬಾಳೆಹಣ್ಣಿನ ಬ್ರೆಡ್ಡು ಬೆಂದ ಬೋಗುಣಿ

“ಅಕ್ಕಾರ, ಮನ್ಯಾಗ ಒಬ್ಬಾಕಿನ ಕುಂದ್ರಾಕ ಆಗವಲ್ದ್ರಿ,” ಎನ್ನುತ್ತ ಪಕ್ಕದ ಮನೆಯ ಕ್ರಿಶ್ಚಿಯನ್ ಇಂಜಿನ್ ಡ್ರೈವರನ ಹೆಂಡತಿ, ಬಾಳೆಹಣ್ಣಿನ ಬ್ರೆಡ್ಡಿಗೆ ಕಲೆಸಿದ ಹಿಟ್ಟು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಚಲೇಜಾವ್ ಚಳವಳಿಯ ದಿನಗಳು. ಎಲ್ಲೋ ಹಳಿ ಕಿತ್ತಿದ್ದಾರೆಂಬ ಸುದ್ದಿ ಹುಬ್ಬಳ್ಳಿಯ ರೈಲ್ವೆ ಚಾಳಿಗೆ ಮುಟ್ಟಿತ್ತು. ಅವರ ಗಂಡ ಓಡಿಸುವ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವನು ನನ್ನ ಅಪ್ಪ. ಬೆಳಿಗ್ಗೆ ಬರಬೇಕಿದ್ದ ಇಬ್ಬರೂ ಸಂಜೆಯಾದರೂ ಬಂದಿರಲಿಲ್ಲ.

ಹಿಟ್ಟಿನಲ್ಲಿ ಮೊಟ್ಟೆಯಿತ್ತು. ನಮ್ಮ ಮನೆಯೊಳಗೆ ಮೊಟ್ಟೆ ಎಂದೂ ಬಂದದ್ದಿಲ್ಲ. ಆದರೂ ಅವ್ವ ಅವರನ್ನು ಒಲೆಯ ಮುಂದೆ ಕೂರಿಸಿಕೊಂಡಳು. ಯುದ್ಧದಿಂದಾಗಿ ಸಕ್ಕರೆ ಸಿಗಲಿಲ್ಲವೆಂದು ಅವರು ಅಂದಾಗ ಬೆಲ್ಲ ಹೆರೆದು, ಏಲಕ್ಕಿ ಕುಟ್ಟಿ ಹಾಕಿ, ಹಿಟ್ಟನ್ನು ನಮ್ಮದೇ ಬೋಗುಣಿಗೆ ಸುರಿದು, ಮುಚ್ಚಳದ ಮೇಲೂ ಕೆಂಡ ಹರಡಿದಳು.

ಡ್ರೈವರನ ಹೆಂಡತಿ ಮತ್ತೆ ಮತ್ತೆ ಮುಚ್ಚಳ ಎತ್ತಿ ನೋಡುತ್ತಿದ್ದರು. “ತಗೀಬ್ಯಾಡ್ರಿ ಬಾಯಾರ, ಕಾವು ಹೋಗತೈತಿ,” ಎನ್ನುತ್ತಿದ್ದ ಅವ್ವನೇ ಎದ್ದೆದ್ದು ಬಾಗಿಲಿಗೆ ಹೋಗಿಬರುತ್ತಿದ್ದಳು.

ಕೊನೆಗೆ ದೂರದಲ್ಲಿ ಉದ್ದನೆಯ ಸೀಟಿ ಕೇಳಿತು. ಹಾಗೆ ಎಳೆದು ಊದುವವರು ಅವರ ಗಂಡ ಒಬ್ಬರೇ. ಇಬ್ಬರು ಹೆಂಗಸರೂ ಬರಿಗಾಲಲ್ಲೇ ಸ್ಟೇಷನ್ನಿಗೆ ಓಡಿದರು.

ಅವರು ಗಂಡಂದಿರೊಡನೆ ಮರಳುವಷ್ಟರಲ್ಲಿ ಬ್ರೆಡ್ಡು ಕರಕಲಾಗಿತ್ತು. ಮೊಟ್ಟೆ ಮುಟ್ಟಿದ ಬೋಗುಣಿಯನ್ನು ಅವ್ವ ಹೊರಗೆಸೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಬೂದಿ ಹಾಕಿ ತಿಕ್ಕಿದಳು. ಮರುದಿನ ಅದರಲ್ಲೇ ಅಪ್ಪನಿಗೆ ಸಾರು ಕಾಯಿಸಿದಳು.