ಕಾಕನನ್ನು ಕೈಸರ್ ಮಾಡಿದವರು

ಹಳೆ ಫಿಲ್ಮ್ ಡಬ್ಬಿಯೊಂದಕ್ಕೆ ಒಂಬತ್ತು ದಿನಾರ್ ಕೊಟ್ಟೆ. ಶುಕ್ರವಾರದ ಸಂತೆಯಲ್ಲಿ ಹಳೆ ಸಾಮಾನು ಮಾರುವವನು ಹದಿನೈದು ಹೇಳಿದ್ದ. ತುಕ್ಕು ತೋರಿಸಿ ಇಳಿಸಿದೆ. ಇನ್ನೂ ಇಳಿಸಬಹುದಿತ್ತು. ಆದರೆ ಆ ತಗಡಿನ ಡಬ್ಬಿಯ ಮುಚ್ಚಳ ತೆಗೆದಾಗ ಹಳೆ ಫಿಲ್ಮಿನ ಹುಳಿ ವಾಸನೆ, ವಿನೆಗರಿನಂಥದ್ದು, ಮೂಗಿಗೆ ಬಡಿಯಿತು. ಚೌಕಾಸಿ ಅಲ್ಲಿಗೇ ನಿಂತಿತು. ಈ ಕೊಲ್ಲಿ ದೇಶದಲ್ಲಿ, ಅಬ್ಬಾಸಿಯಾದ ನಮ್ಮ ಕಟ್ಟಡದಲ್ಲಿ, ನನ್ನ ಪಕ್ಕದ ಕೋಣೆಯಲ್ಲಿದ್ದ, ನಾವೆಲ್ಲ ಕಾಕ ಎಂದು ಕರೆಯುತ್ತಿದ್ದ ಹಿರಿಯರ ಅಂಗಿಗೂ ಅದೇ ವಾಸನೆ ಇರುತ್ತಿತ್ತು…

ಕಾಕ ಉಳ್ಳಾಲದ ಕಡೆಯವರು, ಫಹಾಹೀಲಿನ ಅಂಗಡಿಯೊಂದರಲ್ಲಿ ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು. ಅವರ ಹತ್ತಿರ ಒಂದು ಪ್ರೊಜೆಕ್ಟರ್ ಇತ್ತು, ಮೊದಲನೇ ಮಹಾಯುದ್ಧದ ಕಾಲದ ಮೂಕಿ ಚಿತ್ರದ ಒಂದು ಸುರುಳಿ ಇತ್ತು. ಜರ್ಮನಿಯ ದೊರೆ ಕೈಸರನನ್ನು ಜನ ದ್ವೇಷಿಸಲಿ ಎಂದೇ ಅವನ ಶತ್ರುಗಳು ತೆಗೆದ ಚಿತ್ರ. ಮೀಸೆ ತಿರುಚಿದ ದೊರೆ ಭೂಪಟದ ಮೇಲೆ ಬೂಟು ಇಡುತ್ತಾನೆ, ಹೆಂಗಸರನ್ನು ಅಳಿಸುತ್ತಾನೆ, ಊರಿಗೆ ಬೆಂಕಿ ಇಡಿಸುತ್ತಾನೆ. ಶುಕ್ರವಾರ ಊಟವಾದ ಮೇಲೆ ಕಿಟಕಿಗೆ ಕಂಬಳಿ ಕಟ್ಟಿ ಕಾಕ ಅದನ್ನು ಗೋಡೆಯ ಮೇಲೆ ಬಿಡುತ್ತಿದ್ದರು. ಚಿತ್ರಕ್ಕೆ ದನಿಯಿಲ್ಲವಲ್ಲ, ದನಿ ಕಾಕನದ್ದೇ. ಕೈಸರನಿಗೂ, ಅಳುವ ಹೆಂಗಸಿಗೂ, ಕುದುರೆಗೂ. ಕೋಣೆಯಲ್ಲಿ ಎಲ್ಲ ರಾಜ್ಯದವರೂ ಇರುತ್ತಿದ್ದರೆಂದು ಹಿಂದಿಯಲ್ಲಿ.

“ಕಾಕ, ನಿಮಗೆ ಮೀಸೆ ಒಂದು ಕಮ್ಮಿ,” ಎಂದು ನಾನು ಛೇಡಿಸುತ್ತಿದ್ದೆ.

“ಮೀಸೆ ಇಟ್ಟರೆ ಹೆಂಡತಿ ವಿಡಿಯೋ ಕಾಲ್ ಕಟ್ ಮಾಡ್ತಾಳೆ.” ಸುರುಳಿ ಸುತ್ತುತ್ತಾ ಹೇಳುವರು: “ಈ ರಾಜವೇಷದವ ಪಾಪದವ ಮಾರಾಯ. ಮೀಸೆ ಕಿತ್ತಿಟ್ಟು ಮನೆಗೆ ಹೋಗಿ ಉಂಡು ಮಲಗಿರ್ತಾನೆ. ಇವನನ್ನು ನೋಡಿದವರು ಯುದ್ಧಕ್ಕೆ ಹೊರಟ್ರು.”

ಗಡಿಯಾಚೆ ಯುದ್ಧದ ಸುದ್ದಿ ದಿನವೂ ಬರುತ್ತಿದ್ದ ಸಮಯ. ಒಂದು ಶುಕ್ರವಾರ ಯಾರೋ ಫೋನಿನಲ್ಲಿ ವಿಡಿಯೋ ತೆಗೆದರು, ಗೋಡೆಯನ್ನಲ್ಲ, ಕಾಕನ ಮುಖವನ್ನು. “ಬೆಳಗಾಗುವಷ್ಟರಲ್ಲಿ ಈ ಊರಿನಲ್ಲಿ ಒಂದು ಗೋಡೆಯೂ ನಿಂತಿರಬಾರದು” ಎಂದು ಕೈಸರನಾಗಿ ಗರ್ಜಿಸಿದ ತುಂಡು ಮಾತ್ರ. ಅದು ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿಗೆ ಬಂತು, ಅಲ್ಲಿಂದ ಊರೆಲ್ಲಾ ಹೋಯಿತು. ಕೆಳಗೆ ಬರೆದಿತ್ತು: ಈ ಮನುಷ್ಯನ ಬಗ್ಗೆ ಎಚ್ಚರ. ಮುಂದೆ ಕಳಿಸಿದವರು ಕಾಕನ ಸುಲೈಮಾನಿ ಚಹಾ ಕುಡಿದವರೇ. ಹಿಡಿದು ಕೇಳಿದರೆ ಒಬ್ಬ ಹೇಳಿದ: “ನಮಗೆ ಎಂತ ಗೊತ್ತುಂಟು? ಜಾಗ್ರತೆಗೆ ಅಂತ ಕಳಿಸಿದ್ದು.” ಜಾಗ್ರತೆಯಂತೆ. ಅದೇ ಕೋಣೆಯಲ್ಲಿ ಕೂತು ಚಪ್ಪಾಳೆ ತಟ್ಟಿದವ.

ಕಾಕನ ವೀಸಾ ಕೊಟ್ಟಿದ್ದ ಕಫೀಲನ ಹತ್ತಿರ ನಾನೇ ಹೋದೆ. ಪ್ರೊಜೆಕ್ಟರ್ ಇಲ್ಲಿಗೇ ತರುತ್ತೇನೆ, ಪೂರ್ತಿ ನೋಡಿ ಎಂದೆ. ಆತ ನಕ್ಕ.

“ಭಾಯಿ, ಇದು ನಾಟಕ ಅಂತ ನನಗೂ ಗೊತ್ತು. ನೋಡಿದವರಿಗೆ ಗೊತ್ತಿಲ್ಲ. ಎಷ್ಟು ಜನರಿಗೆ ತೋರಿಸ್ತೀಯ? ಖಲಾಸ್.”

ಇಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ರದ್ದಾಯಿತು. ಬಟ್ಟೆ ಅಂಗಡಿಯಲ್ಲಿ ಎಂಥೆಂಥ ಹಠಮಾರಿ ಗಿರಾಕಿಗಳನ್ನು ಬಗ್ಗಿಸಿದ ನನ್ನ ನಾಲಿಗೆ ಅಲ್ಲಿ ನಡೆಯಲಿಲ್ಲ. ಏರ್‌ಪೋರ್ಟಿನಲ್ಲಿ ಕಾಕ ನನ್ನ ಭುಜ ತಟ್ಟಿದರು. “ಬಿಡು ಮಾರಾಯ. ಪಾರ್ಟು ಒಳ್ಳೆದಾಯ್ತು ಅಂತಾಯ್ತಲ್ಲ.” ಊರಿಗೆ ಹೋದವರು ಒಂದು ವರ್ಷ ಬದುಕಿದರು… ಕೊನೆಕೊನೆಗೆ ಮನೆಯಲ್ಲೂ ಹೆಚ್ಚು ಮಾತಾಡುತ್ತಿರಲಿಲ್ಲವಂತೆ.

ಕಳೆದ ತಿಂಗಳು ಅದೇ ತುಂಡು ಮತ್ತೆ ನನ್ನ ಫೋನಿಗೆ ಬಂತು. ಈ ಸಲ ಕೆಳಗೆ ಹೊಸ ಶತ್ರುವಿನ ಹೆಸರು. ಮಣ್ಣಿಗೆ ಹೋದ ಮನುಷ್ಯನ ಬಾಯಲ್ಲಿ ಇನ್ನೂ ಊರು ಸುಡಿಸುತ್ತಿದ್ದಾರೆ, ಪಾಪಿಗಳು.

ವ್ಯಾಪಾರದವನ ಮಾತು ಕೇಳಿ. ಅರ್ಧ ಗಜ ತೋರಿಸಿ ಇಡೀ ಥಾನು ಮಾರಲು ಬಂದವನ ಹತ್ತಿರ ಬಟ್ಟೆ ತೆಗೆದುಕೊಳ್ಳುತ್ತೀರಾ? ಇಂಥ ತುಂಡು ಬಂದರೆ ಕಳಿಸಿದವನಿಗೇ ಫೋನ್ ಮಾಡಿ, ಇದರ ಹಿಂದಿನದ್ದೆಲ್ಲಿ, ಮುಂದಿನದ್ದೆಲ್ಲಿ ಎಂದು ಕೇಳಿ. ಅವನ ಹತ್ತಿರ ಇಲ್ಲವೆಂದರೆ ಅಳಿಸಿಹಾಕಿ. ಅದರಲ್ಲಿರುವ ಮನುಷ್ಯ ನಿಮ್ಮ ಕಟ್ಟಡದವನೇ ಆದರೆ, ಫೋನ್ ಕೆಳಗಿಟ್ಟು ಮೊದಲು ಅವನ ಬಾಗಿಲು ತಟ್ಟಿ.